ಹದಿನಾಲ್ಕನೇ ವಾಕ್ಯ

ವಿರೂಪಾಕ್ಷಮ್ಮನಿಗೆ ಕುಷ್ಟಗಿಯ ಹುಡುಗಿಯರ ಸಾಲೆಯಲ್ಲಿ ನೌಕರಿ ಸಿಕ್ಕಿದ್ದು ಒಂದು ಸಹಿಯಿಂದ. ಆ ಸಹಿ ಅವಳದಲ್ಲ, ಮುನ್ಷಿ ಖಾಜಾಸಾಬರದು.

ಅದು ಮೂವತ್ತೆಂಟನೇ ಇಸವಿಯ ಮಾತು. ಗಂಡ ತೀರಿಕೊಂಡ ವರ್ಷವೇ ಅವಳು ಗದಗಿನಿಂದ ತವರಿಗೆ ಬಂದುಬಿಟ್ಟಿದ್ದಳು. ಆಗ ಅವಳಿಗೆ ಇಪ್ಪತ್ಮೂರು. ಚಿಕ್ಕಂದಿನಲ್ಲಿ ಗದಗಿನಲ್ಲೇ ಸೋದರಮಾವನ ಮನೆಯಲ್ಲಿದ್ದು ಮೆಟ್ರಿಕ್ ಮುಗಿಸಿದ್ದಳು. ಗದಗು ಬ್ರಿಟಿಷರ ಸೀಮೆ, ಅಲ್ಲಿ ಇಂಗ್ಲೀಷ್ ನಡೆಯುತ್ತಿತ್ತು. ಕುಷ್ಟಗಿ ನಿಜಾಮನ ಸೀಮೆ. ಇಲ್ಲಿ ಉರ್ದುವಿನಲ್ಲಿಲ್ಲದ ಕಾಗದವನ್ನು ಕಚೇರಿಯಲ್ಲಿ ಯಾರೂ ಕೈಯಿಂದ ಮುಟ್ಟುತ್ತಿರಲಿಲ್ಲ. ಅವಳ ಮೆಟ್ರಿಕ್ಕು ಪೆಟ್ಟಿಗೆಯ ತಳದಲ್ಲಿ, ಧಾರೆ ಸೀರೆಯ ಕೆಳಗೆ ಬಿದ್ದುಕೊಂಡಿತ್ತು.

ಸಾಲೆಗೆ ಅಕ್ಕೋರು ಬೇಕಾಗಿದ್ದಾರೆ ಎಂಬ ಸುದ್ದಿ ಬಂದಾಗ ಅವಳ ತಂದೆ ಅವಳನ್ನು ಖಾಜಾಸಾಬರ ಮನೆಗೆ ಕರೆದುಕೊಂಡು ಹೋದರು. ಖಾಜಾಸಾಬರು ಕಚೇರಿಯ ಮುನ್ಷಿ. ಹೊತ್ತು ಏರುವ ತನಕ ಮನೆಯ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಅರ್ಜಿ ಬರೆದುಕೊಡುವುದು ಅವರ ರೂಢಿ. ಬರೆಯುವಾಗ ಉಸಿರು ಬಿಗಿಹಿಡಿದು ಬರೆಯುತ್ತಿದ್ದರು. ಸಾಲು ಮುಗಿದ ಮೇಲೆಯೇ ಉಸಿರು ಬಿಡುತ್ತಿದ್ದರು. ಅಂಥವರ ಕೈಯೂ ಅವತ್ತು ಒಂದು ಕಡೆ ತಪ್ಪಿತು. ಅವಳ ವಯಸ್ಸು ಇಪ್ಪತ್ತೆರಡು ಎಂದು ಬಿತ್ತು. ಅವರು ಅದನ್ನು ಕೆರೆದು ಅಳಿಸಲಿಲ್ಲ. ಕೂದಲೆಳೆಯಂಥ ಒಂದು ಗೀಟು ಹೊಡೆದು, ಮೇಲೆ ಇಪ್ಪತ್ಮೂರು ಎಂದು ಬರೆದು, ಪಕ್ಕದಲ್ಲಿ ಪುಟ್ಟದಾಗಿ ತಮ್ಮ ಸಹಿ ಹಾಕಿದರು. ಉರ್ದುವಿನ ಖೇ ಅಕ್ಷರ: ಕುಡಗೋಲಿನಂಥ ಹೊಟ್ಟೆ, ನೆತ್ತಿಯ ಮೇಲೊಂದು ಚುಕ್ಕೆ.

"ಅರ್ಜಿ ನಂದಲ್ರಿ, ನಿಮ್ಮ ಸಹಿ ಯಾಕ್ರಿ?" ಎಂದು ವಿರೂಪಾಕ್ಷಮ್ಮ ಕೇಳಿಯೇಬಿಟ್ಟಳು. ತಂದೆ ಗದರಿಸುವಂತೆ ನೋಡಿದರು.

ಖಾಜಾಸಾಬರು ನಕ್ಕರು. "ಅರ್ಜಿ ನಿಂದು ತಂಗಿ, ತಪ್ಪು ನಂದು. ಹಿಂಗ ಗೀಟು ಹೊಡದದ್ದಕ್ಕ ಕಾಟು ಅಂತಾರ. ಸಹಿ ಇಲ್ಲದ ಕಾಟು ಅಂದ್ರ ಕಳ್ಳ ಹೊಕ್ಕ ಮನಿ ಇದ್ದಂಗ. ಯಾರು ಹೊಡದ್ರು, ಯಾವಾಗ ಹೊಡದ್ರು, ಯಾಕ ಹೊಡದ್ರು ಅಂತ ನಾಳೆ ನಿನ್ನ ಕೇಳ್ತಾರ. ಸಹಿ ಇದ್ರ ನನ್ನ ಕೇಳ್ತಾರ."

ಅವರು ಹೇಳಿದಂತೆಯೇ ಆಯಿತು. ಅದೇ ನೌಕರಿಗೆ ತಮ್ಮ ಮಗಳನ್ನು ನಿಲ್ಲಿಸಿದ್ದವರೊಬ್ಬರು, ವಯಸ್ಸು ತಿದ್ದಿದ ಅರ್ಜಿ ಇದು, ಖೊಟ್ಟಿ ಎಂದು ತಕರಾರು ತೆಗೆದರು. ತಪಾಸಣೆಗೆ ಬಂದ ಸಾಹೇಬರು ಅರ್ಜಿಯನ್ನು ಬೆಳಕಿಗೆ ಹಿಡಿದು ನೋಡಿ ಖಾಜಾಸಾಬರನ್ನು ಕರೆಸಿದರು. "ಸಹಿ ನಂದು, ತಪ್ಪು ನಂದು" ಎಂದು ಖಾಜಾಸಾಬರು ನಿಂತ ಕಾಲ ಮೇಲೆ ಹೇಳಿ ಹೊರಗೆ ಬಂದರು. ತಕರಾರು ಅಲ್ಲಿಗೇ ಮುಗಿಯಿತು. ಮುಂದಿನ ವಾರದಿಂದ ವಿರೂಪಾಕ್ಷಮ್ಮ ಅಕ್ಕೋರಾದಳು.

ಹತ್ತು ವರ್ಷ ಹೋದವು. ಪೊಲೀಸ್ ಆಕ್ಷನ್ ಆಯಿತು, ನಿಜಾಮನ ಆಳ್ವಿಕೆ ಮುಗಿಯಿತು. ಕಚೇರಿಯ ಮೇಲಿನ ಬಾವುಟ ಬದಲಾದದ್ದನ್ನು ಊರೆಲ್ಲ ನಿಂತು ನೋಡಿತು. ಒಳಗಿನ ಕಾಗದಗಳ ಭಾಷೆ ಬದಲಾದದ್ದನ್ನು ಒಳಗೆ ಕೂತವರು ಮಾತ್ರ ನೋಡಿದರು. ನಲವತ್ತೊಂಬತ್ತರ ಜನವರಿಯಲ್ಲಿ ಹುಕುಂ ಬಂತು: ಇನ್ನು ಮುಂದೆ ಕಾರಭಾರವೆಲ್ಲ ಇಂಗ್ಲೀಷಿನಲ್ಲಿ. ಬರೀ ಉರ್ದು ಬಲ್ಲ ಗುಮಾಸ್ತರು ಏಪ್ರಿಲ್ ತಿಂಗಳಲ್ಲಿ ಕೊಪ್ಪಳಕ್ಕೆ ಬಂದು ಪರೀಕ್ಷೆ ಕೊಡಬೇಕು. ಕುರ್ಚಿ ಏಳೇ ಇವೆ. ಐವತ್ತು ದಾಟಿದವರಿಗೆ ಒಂದೇ ಸಲ ಅವಕಾಶ. ಆಗದಿದ್ದರೆ ಮನೆಗೆ, ಪಿಂಚಣಿಯ ಮಾತಿಲ್ಲ.

ಖಾಜಾಸಾಬರಿಗೆ ಐವತ್ಮೂರು. ನೌಕರಿ ಪೂರ್ತಿಯಾಗಲು ಇನ್ನು ಎರಡು ವರ್ಷ.

ಮರುದಿನ ಬೆಳಗ್ಗೆ ಏಳಕ್ಕೆ ಅವರು ಸಾಲೆಯ ಪಡಸಾಲೆಗೆ ಬಂದರು. ತಲೆಯ ಮೇಲೆ ರುಮಿ ಟೊಪ್ಪಿಗೆ, ಬಗಲಲ್ಲಿ ಒಂದು ಹೊಸ ನೋಟುಬುಕ್ಕು. ಹಿಂದಿನಿಂದ ಅವರ ಹೆಂಡತಿ ಹಜರತಬೀ, ಕೈಯಲ್ಲಿ ಮೊರ, ಮೊರದಲ್ಲಿ ತೊಗರಿಬೇಳೆ. ಗಂಡಸತ್ತ ಹೆಣ್ಣುಮಗಳ ಹತ್ತಿರ ಗಂಡಸು ಒಬ್ಬನೇ ಬಂದು ಕೂತರೆ ಊರ ಬಾಯಿ ಸುಮ್ಮನಿರುತ್ತದೆಯೆ? ಅದಕ್ಕೆ ಹಜರತಬೀ ತನ್ನ ಕೆಲಸವನ್ನೇ ಇಲ್ಲಿಗೆ ಎತ್ತಿಕೊಂಡು ಬಂದಿದ್ದಳು.

"ತಂಗಿ ಅಂತಿದ್ದೆ," ಎಂದರು ಖಾಜಾಸಾಬರು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು. "ಇವತ್ತಿನಿಂದ ಅಕ್ಕೋರು. ಕಲಸ್ರಿ. ನನ್ನ ಕಡೆ ಮೂರು ತಿಂಗಳು ಅದಾವ."

"ಇಷ್ಟು ವರ್ಷ ನನಗ ಹೇಳ್ಕೋತ ಬಂದ್ರು, ನಿನಗ ಅಕ್ಷರ ಬರಂಗಿಲ್ಲ ಅಂತ," ಎಂದಳು ಹಜರತಬೀ ಬೇಳೆ ಕೇರುತ್ತ. "ಈಗ ನೋಡ್ರಿ ಅಕ್ಕೋರ, ಇವರಿಗೂ ಬರಂಗಿಲ್ಲ. ಇಬ್ರೂ ಸರಿ ಆದ್ವಿ."

"ಏ, ನೀ ಬ್ಯಾಳಿ ನೋಡು."

"ಬ್ಯಾಳಿನಽ ನೋಡಾಕತ್ತೀನಿ. ಹಳ್ಳು ಭಾಳ ಅದಾವ."

ಪರೀಕ್ಷೆ ಹೇಗಿರುತ್ತದೆ ಎಂದು ಖಾಜಾಸಾಬರು ಕೇಳಿದರು. ವಿರೂಪಾಕ್ಷಮ್ಮ ತನ್ನ ಮೆಟ್ರಿಕ್ಕಿನ ಕಥೆ ಹೇಳಿದಳು. ಧಾರವಾಡದ ದೊಡ್ಡ ಕೋಣೆ, ದೂರದೂರ ಹಾಕಿದ ಬೆಂಚು. "ಅಲ್ಲಿ ನಾನು ವಿರೂಪಾಕ್ಷಮ್ಮ ಅಲ್ಲಽ ಅಲ್ರಿ. ಮುನ್ನೂರಾ ಹದಿನೇಳು. ಹೆಸರಿಲ್ಲ, ಬರೀ ನಂಬರು."

"ಜೇಲಿನಾಗ ಕೊಟ್ಟಂಗೇನು?" ಎಂದಳು ಹಜರತಬೀ. ಮೂವರೂ ನಕ್ಕರು. ಆ ಮಾತು ನಗೆಯಲ್ಲೇ ಹೋಯಿತು. ಮುಂದೆ ವಿರೂಪಾಕ್ಷಮ್ಮ ಆ ನಗೆಯನ್ನು ಎಷ್ಟು ಸಲ ನೆನೆಸಿಕೊಂಡಳೋ.

ಪತ್ರ ಬರೆಯುವುದು, ತರ್ಜುಮೆ ಮಾಡುವುದು ಖಾಜಾಸಾಬರಿಗೆ ಬೇಗ ಕೈಗೆ ಹತ್ತಿತು. ಕಚೇರಿಯ ಕಾಗದದ ಎಲುಬು ಯಾವ ಭಾಷೆಯಲ್ಲೂ ಒಂದೇ. ಅವರನ್ನು ಕಾಡಿದ್ದು ವಾಕ್ಯ ತಿದ್ದುವ ಪ್ರಶ್ನೆ. ಇಪ್ಪತ್ತು ವಾಕ್ಯ ಅಚ್ಚು ಹಾಕಿ ಕೊಡುತ್ತಾರೆ. ತಪ್ಪು ಇದ್ದಲ್ಲಿ ಗೀಟು ಹೊಡೆದು ಮೇಲೆ ಸರಿಯಾದದ್ದು ಬರೆಯಬೇಕು. ನಡುವೆ ತಪ್ಪೇ ಇಲ್ಲದ ವಾಕ್ಯಗಳನ್ನೂ ಬೇಕಂತಲೇ ಸೇರಿಸಿರುತ್ತಾರೆ, ಅವನ್ನು ಮುಟ್ಟಬಾರದು.

ವಿರೂಪಾಕ್ಷಮ್ಮ ಬರೆದು ತೋರಿಸಿದಳು: ದಿ ಲಿಸ್ಟ್ ಆಫ್ ಪೇಪರ್ಸ್ ಆರ್ ಲಾಸ್ಟ್.

"ಕಾಗದದ ಯಾದಿ ಕಳದೈತಿ," ಎಂದು ಅರ್ಥ ಮಾಡಿಕೊಂಡರು ಖಾಜಾಸಾಬರು. "ಪೇಪರ್ಸ್ ಅಂದ್ರ ಭಾಳ. ಭಾಳಕ್ಕ ಆರ್. ತಪ್ಪಿಲ್ಲ."

"ಕಳೆದದ್ದು ಏನ್ರಿ, ಕಾಗದೇನು ಯಾದಿಯೇನು?"

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡರು. "ಯಾದಿ! ಯಾದಿ ಒಂದಽ. ಅಂದ್ರ ಯಾದಿ ಫಿರ್ಯಾದಿ ಇದ್ದಂಗ, ಪೇಪರ್ಸ್ ಬರೀ ಸಾಕ್ಷಿ. ಸಾಕ್ಷಿ ಹತ್ತು ಮಂದಿ ಬಂದು ನಿಂತ್ರೂ ಹುಕುಂ ಹೊರಡೋದು ಫಿರ್ಯಾದಿ ಹೆಸರಿಗೆ. ಈಜ್!"

ಅಲ್ಲಿಂದ ಅವರ ವ್ಯಾಕರಣವೆಲ್ಲ ಕೋರ್ಟು ಆಗಿಹೋಯಿತು. ಪ್ರತಿ ವಾಕ್ಯದಲ್ಲೂ ಫಿರ್ಯಾದಿಯನ್ನು ಹುಡುಕುವರು, ನಡುವೆ ಗುಂಪುಗೂಡಿದ ಸಾಕ್ಷಿಗಳನ್ನು ಅತ್ತ ಸರಿಸುವರು. ತಪ್ಪಿಲ್ಲದ ವಾಕ್ಯ ಸಿಕ್ಕರೆ ಮೆತ್ತಗೆ ಹೇಳುವರು: "ಇವ ನಿರಪರಾಧಿ. ಬಿಟ್ಟುಬಿಡ್ರಿ."

ಕೆಲವು ಮಾತ್ರ ಯಾವ ಕೋರ್ಟಿಗೂ ಬಗ್ಗುತ್ತಿರಲಿಲ್ಲ. ಐ ಆಮ್ ಇನ್ ಕುಷ್ಟಗಿ ಸಿನ್ಸ್ ಥರ್ಟಿ ಇಯರ್ಸ್ ಎಂಬ ವಾಕ್ಯದ ಮುಂದೆ ಅವರು ಒಂದು ಬೆಳಗು ಪೂರ್ತಿ ಕೂತರು.

"ಮೂವತ್ತು ವರ್ಷದಿಂದ ಕುಷ್ಟಗಿದಾಗ ಅದೀನಿ. ಕನ್ನಡದಾಗ ಸರಿ, ಉರ್ದುದಾಗ ಸರಿ. ಇವರಿಗೇನು ಧಾಡಿ?"

"ಬರೀ ‘ಅದೀನಿ’ ಅಂದ್ರ ಇಂಗ್ಲೀಷರು ಇವತ್ತಿಂದು ಒಂದಽ ಹಿಡೀತಾರ್ರಿ. ಹಿಂದಿನಿಂದ ಇದ್ದದ್ದು ಬ್ಯಾರೆ ಕಟ್ಟಿ ಹೇಳಬೇಕು. ಹ್ಯಾವ್ ಬೀನ್. ಸಿನ್ಸ್ ಅಲ್ಲ, ಫಾರ್."

"ಅಂದ್ರ ಮೂವತ್ತು ವರ್ಷ ಇದ್ದವರೂ ಇದ್ದೆ ಅಂತ ಮತ್ತ ರುಜುವಾತು ಮಾಡಬೇಕಂತ," ಎಂದಳು ಹಜರತಬೀ. ಅವತ್ತು ಮೊರದಲ್ಲಿ ಜೋಳವಿತ್ತು. ಯಾರೂ ನಗಲಿಲ್ಲ.

ಇನ್ನೊಂದು ವಾಕ್ಯಕ್ಕೆ ಮಾತ್ರ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹ್ಯಾವಿಂಗ್ ಸೈನ್ಡ್ ದಿ ಪೇಪರ್, ದಿ ಪೆನ್ ವಾಸ್ ಪುಟ್ ಡೌನ್. ಸಹಿ ಮಾಡಿ ಪೆನ್ನನ್ನು ಕೆಳಗಿಡಲಾಯಿತು. ಇದರಲ್ಲಿ ಸಹಿ ಮಾಡಿದ್ದು ಯಾರು ಎಂದು ವಿರೂಪಾಕ್ಷಮ್ಮ ಕೇಳಿದಾಗ ಅವರು ಎರಡು ಸಲ ಓದಿ, "ಅಯ್ಯೋ, ಪೆನ್ನು!" ಎಂದರು. "ಪೆನ್ನು ತಾನಽ ಸಹಿ ಮಾಡಂಗಿದ್ರ ಮುನ್ಷಿ ಯಾಕ ಬೇಕ್ರಿ ಅಕ್ಕೋರ? ಪೆನ್ನಿಗೆ ಪಗಾರ ಕೊಟ್ರಾತು!"

ಮೊದಲ ದಿನವೇ ಅವರು ಒಂದು ಕರಾರು ಹಾಕಿದ್ದರು. ನೋಟುಬುಕ್ಕಿನಲ್ಲಿ ವಿರೂಪಾಕ್ಷಮ್ಮ ಒಂದು ಶಬ್ದಕ್ಕೆ ಕೆಂಪು ಗೀಟು ಹೊಡೆದಾಗ ಬುಕ್ಕನ್ನು ಅವಳ ಕಡೆಗೇ ತಿರುಗಿಸಿ, "ಸಹಿ?" ಎಂದರು.

"ಇದು ಸಾಲಿ ನೋಟುಬುಕ್ಕು ಅಲ್ರಿ?"

"ಕಾಟು ಎಲ್ಲಿದ್ರೂ ಕಾಟಽ. ಹೊಡದವರು ಸಹಿ ಹಾಕಬೇಕು."

ಅವಳು ನಕ್ಕು ‘ವಿ’ ಎಂದು ಹಾಕಿದಳು. ಮೊದಲ ತಿಂಗಳು ಪುಟದ ತುಂಬ ‘ವಿ’ಗಳೇ, ಗಿಣಿಯ ಹಿಂಡು ಇಳಿದ ಹಾಗೆ. ಎರಡನೇ ತಿಂಗಳು ಅವರೇ ತಮ್ಮ ತಪ್ಪು ಹಿಡಿದುಕೊಂಡು ತಾವೇ ಗೀಟು ಹೊಡೆಯತೊಡಗಿದರು. ‘ವಿ’ಗಳ ನಡುವೆ ಕುಡಗೋಲಿನಂಥ ಖೇ ಕಾಣಿಸಿಕೊಂಡವು. ಮಾರ್ಚ್ ಕೊನೆಯ ಹೊತ್ತಿಗೆ ಪುಟದಲ್ಲೆಲ್ಲ ಖೇಗಳೇ, ‘ವಿ’ ಎಲ್ಲೋ ಒಂದು. ವಿರೂಪಾಕ್ಷಮ್ಮ ಆ ಪುಟಗಳನ್ನು ಹಿಂದಿನಿಂದ ಮುಂದಕ್ಕೆ ತಿರುವಿ ನೋಡಿ ಒಳಗೊಳಗೇ ಹಿಗ್ಗುತ್ತಿದ್ದಳು. ತನ್ನ ವಿದ್ಯಾರ್ಥಿ ಎಷ್ಟು ಮುಂದೆ ಬಂದ ಎಂಬುದಕ್ಕೆ ಅವಳಿಗೆ ಬೇರೆ ಗುರುತು ಬೇಕಿರಲಿಲ್ಲ. ಅದು ಚಂದ ಕಾಣುತ್ತಿತ್ತು. ಚಂದ ಕಂಡದ್ದನ್ನು ಬಿಡಿಸಬೇಕೆಂದು ಯಾರಿಗೆ ಹೊಳೆಯುತ್ತದೆ?

ಅದೇ ಕಚೇರಿಯ ಎಳೆಯ ಗುಮಾಸ್ತ ದೇವೇಂದ್ರಪ್ಪನೂ ಪರೀಕ್ಷೆಗೆ ಕೂಡುವವನಿದ್ದ. ಅವನು ಆಗಾಗ ಬಂದು ನೋಟುಬುಕ್ಕು ನೋಡಿ ಹೋಗುತ್ತಿದ್ದ. ಖಾಜಾಸಾಬರು ಇಲ್ಲವೆನ್ನದೆ ಕೊಡುತ್ತಿದ್ದರು.

ಪರೀಕ್ಷೆಯ ದಿನ ಇದ್ದಿಲ ಹೊಗೆಯಿಂದ ಓಡುವ ಮೋಟಾರಿನಲ್ಲಿ ಇಬ್ಬರೂ ಯಲಬುರ್ಗಿ ಮೇಲಿಂದ ಕೊಪ್ಪಳಕ್ಕೆ ಹೋದರು. ಸಂಜೆ ಖಾಜಾಸಾಬರು ಮನೆಗೂ ಹೋಗದೆ ನೆಟ್ಟಗೆ ಸಾಲೆಗೇ ಬಂದರು, ಮೈಮೇಲೆಲ್ಲ ಧೂಳು. ಹಿಂದೆ ದೇವೇಂದ್ರಪ್ಪ. ಇಬ್ಬರೂ ದಾರಿಯುದ್ದ ಜಗಳ ಆಡಿಕೊಂಡು ಬಂದಿದ್ದರು.

"ಹದಿನಾಲ್ಕನೇದ್ದು ನೋಡ್ರಿ ಅಕ್ಕೋರ," ಎಂದ ದೇವೇಂದ್ರಪ್ಪ. "ಈಚ್ ಆಫ್ ದಿ ಕ್ಲರ್ಕ್ಸ್ ಹ್ಯಾಸ್ ಡನ್ ಹಿಸ್ ಡ್ಯೂಟಿ. ಕ್ಲರ್ಕ್ಸ್ ಅಂದ್ರ ಭಾಳ ಮಂದಿ ಅಲ್ರಿ? ನಾ ಹ್ಯಾಸ್ ಹೊಡದು ಹ್ಯಾವ್ ಮಾಡ್ದೆ."

"ಹೊಡದಿಯಲ್ಲೋ, ಪಾಪ," ಎಂದರು ಖಾಜಾಸಾಬರು. "ಈಚ್ ಅಂದ್ರ ಒಬ್ಬೊಬ್ಬ. ಒಬ್ಬೊಬ್ಬ ಗುಮಾಸ್ತನೂ ತನ್ನ ಕೆಲಸ ಮಾಡ್ಯಾನ. ಅವ ನಿರಪರಾಧಿ. ನಾ ಮುಟ್ಟಲಿಲ್ಲ."

ಅವರು ಅಲ್ಲೇ ಕೂತು, ಇಪ್ಪತ್ತೂ ವಾಕ್ಯಗಳನ್ನು ನೆನಪಿನಿಂದ ನೋಟುಬುಕ್ಕಿನಲ್ಲಿ ಇಳಿಸಿದರು. ತಾವು ಎಲ್ಲಿ ಗೀಟು ಹೊಡೆದರು, ಮೇಲೆ ಏನು ಬರೆದರು ಎಲ್ಲ. ರೂಢಿಯಂತೆ ಪ್ರತಿ ಗೀಟಿನ ಪಕ್ಕಕ್ಕೂ ಖೇ. ವಿರೂಪಾಕ್ಷಮ್ಮ ಒಂದೊಂದೇ ನೋಡುತ್ತ ಹೋದಳು. ಇಪ್ಪತ್ತಕ್ಕೆ ಇಪ್ಪತ್ತು. ಹದಿನಾಲ್ಕನೆಯದೂ ಸರಿ. ಪುಟದ ಕೆಳಗೆ ‘ಸರಿ’ ಎಂದು ಬರೆದು, ಕೇಳುವ ಮೊದಲೇ ‘ವಿ’ ಹಾಕಿದಳು. ದೇವೇಂದ್ರಪ್ಪ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ.

ಮೇ ತಿಂಗಳ ನಡುವೆ ಪಾಸಾದವರ ಯಾದಿ ಬಂತು. ಕಚೇರಿಯ ಬಾಗಿಲಿಗೆ ಅಂಟಿಸಿದ್ದನ್ನು ಚಪರಾಸಿ ಗಾಳೆಪ್ಪ ಯಾರಿಂದಲೋ ಓದಿಸಿಕೊಂಡು ಓಡಿಬಂದ. ಏಳು ನಂಬರು. ದೇವೇಂದ್ರಪ್ಪನದು ಐದನೆಯದು. ಖಾಜಾಸಾಬರ ನಂಬರು ಎಲ್ಲೂ ಇರಲಿಲ್ಲ.

"ಮತ್ತೊಮ್ಮೆ ನೋಡಿ ಬಾ," ಎಂದಳು ವಿರೂಪಾಕ್ಷಮ್ಮ.

"ಮೂರು ಸಲ ಓದಿಸೀನ್ರೀ ಅಕ್ಕೋರ. ಮುನ್ಷೀ ಸಾಹೇಬ್ರೂ ಅಲ್ಲೇ ನಿಂತಿದ್ರು. ಅವರು ಒಮ್ಮೇನಽ ಓದಿದ್ರು. ಟೊಪ್ಪಿಗಿ ಹಾಕ್ಕೊಂಡು ಮನಿಗೆ ಹೋದ್ರು."

ಅವತ್ತು ಮಧ್ಯಾಹ್ನ ಅವಳು ಅವರ ಮನೆಗೆ ಹೋದಾಗ ಖಾಜಾಸಾಬರು ನೋಟುಬುಕ್ಕಿನ ಅದೇ ಪುಟ ತೆರೆದುಕೊಂಡು ಕೂತಿದ್ದರು. ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

"ಯಾವುದು ತಪ್ಪಾತು ಅಕ್ಕೋರ?" ಎಂದರು. "ಅದೊಂದು ಹೇಳ್ರಿ ಸಾಕು. ಬೆಳಗಿನಿಂದ ಇಪ್ಪತ್ತೂ ಮಂದಿನ್ನ ಕಟಕಟೆದಾಗ ನಿಲ್ಲಿಸಿ ಕೇಳೇನಿ. ಒಬ್ಬನೂ ಒಪ್ಪವಲ್ಲ."

ಹಜರತಬೀ ಹೊರಗಿನ ತನಕ ಬಂದಳು. "ನೌಕರಿ ಹೋತು ಅಂತ ಅವರಿಗೆ ಅಷ್ಟು ಇಲ್ಲ ಅಕ್ಕೋರ. ಗಂಗಾವತಿಗೆ ಮಗಳ ಮನಿಗೆ ಹೋದ್ರ ಒಂದು ತುತ್ತು ಸಿಗತೈತಿ. ಆದ್ರ ಕಾರಣ ಗೊತ್ತಾಗಲಿಲ್ಲ ಅಂದ್ರ ಈ ಮನುಷ್ಯಾ ಮಲಗಂಗಿಲ್ಲ. ಹಂಗಽ ಅದಾರ ಅವರು."

ಮಾರನೇ ದಿನ ವಿರೂಪಾಕ್ಷಮ್ಮ ಸಾಲೆಗೆ ರಜೆ ಹಾಕಿ ಒಬ್ಬಳೇ ಕೊಪ್ಪಳದ ಮೋಟಾರು ಹತ್ತಿದಳು.

ಪರೀಕ್ಷೆ ನಡೆಸಿದ ಸಾಹೇಬರು ಧಾರವಾಡದ ಕಡೆಯವರು, ಎಳೆಯ ವಯಸ್ಸು. ಬಿಳಿ ಸೀರೆಯ ಹೆಂಗಸು ಇಂಗ್ಲೀಷಿನಲ್ಲಿ ನಮಸ್ಕಾರ ಹೇಳಿದ್ದು ಕೇಳಿ ತಲೆ ಎತ್ತಿದರು, ಕುರ್ಚಿ ತೋರಿಸಿದರು. ನಂಬರು ಹೇಳಿದಳು. ಅವರಿಗೆ ಹುಡುಕಬೇಕಾಗಲಿಲ್ಲ, ಆ ಕಾಗದ ಬೇರೆ ಕಟ್ಟಿನಲ್ಲೇ ಇತ್ತು.

"ನೋಡ್ರಿ, ನೋಡಬಾರದು ಖರೆ, ಆದ್ರ ನೀವು ಕಲಿಸಿದವರು ಅಂತೀರಿ," ಎಂದು ಮೇಜಿನ ಮೇಲೆ ಹರಡಿದರು.

ಅಚ್ಚಿನ ಇಪ್ಪತ್ತು ವಾಕ್ಯ. ಕೂದಲೆಳೆಯಂಥ ಗೀಟು, ಮೇಲೆ ದುಂಡಗಿನ ಅಕ್ಷರ. ಪ್ರತಿ ಗೀಟಿನ ಪಕ್ಕದಲ್ಲೂ ಒಂದು ಕುಡಗೋಲು, ಒಂದು ಚುಕ್ಕೆ. ಮೇಲಿನ ಮೂಲೆಯಲ್ಲಿ ಯಾರೋ ಪೆನ್ಸಿಲಿನಿಂದ ಇಪ್ಪತ್ತು ಎಂದು ಹಾಕಿದ್ದರು. ಅದರ ಮೇಲೆ ಅಡ್ಡಡ್ಡ ಒಂದು ಕೆಂಪು ಗೀಟು. ಕೆಳಗೆ ‘ರದ್ದು’.

ವಿರೂಪಾಕ್ಷಮ್ಮನಿಗೆ ಓದಿ ಮುಗಿಸುವ ಮೊದಲೇ ಎಲ್ಲ ತಿಳಿಯಿತು. ಧಾರವಾಡದ ದೊಡ್ಡ ಕೋಣೆ ಕಣ್ಣಿಗೆ ಕಟ್ಟಿತು. ಮುನ್ನೂರಾ ಹದಿನೇಳು. ನಂಬರು ಬಿಟ್ಟು ಯಾವ ಗುರುತೂ ಹಾಕಬೇಡಿ ಎಂದು ಅವತ್ತು ಮಾಸ್ತರು ಎರಡೆರಡು ಸಲ ಕೂಗಿ ಹೇಳಿದ್ದು.

"ಹೆಸರು, ಸಹಿ, ಗುರುತು, ಏನು ಹಾಕಿದ್ರೂ ಕಾಗದ ರದ್ದು. ಮೊದಲನೇ ಪುಟದಾಗ ಅಚ್ಚು ಮಾಡೇವಿ," ಎಂದರು ಸಾಹೇಬರು. "ಇವರೊಬ್ರಽ ಅಲ್ಲ. ಯಲಬುರ್ಗಿಯವರೊಬ್ರು, ಗಂಗಾವತಿಯವರೊಬ್ರು, ಹಿಂಗಽ ಮಾಡ್ಯಾರ. ಮೂವರೂ ಹಳೇ ಮುನ್ಷಿಗಳು. ಮೊದಲು ನಮಗ ಸಂಶೇ ಬಂತು, ತಪಾಸು ಮಾಡೋರ ಜೋಡಿ ಏನರ ಒಳಸಂಚು ಐತೇನು ಅಂತ."

"ಅವರು ಹೆಸರು ಬರದಿಲ್ರಿ," ಎಂದಳು ವಿರೂಪಾಕ್ಷಮ್ಮ. "ತಪ್ಪು ತಿದ್ದಿದವನು ನಾನು, ಕೇಳೋದಿದ್ರ ನನ್ನ ಕೇಳ್ರಿ ಅಂತ ಬರದಾರ. ಸರ್ಕಾರದ ಕಾಗದದ ಮ್ಯಾಲೆ ಸಹಿ ಇಲ್ದ ಗೀಟು ಹೊಡದ್ರ ಆ ಕಾಲಕ್ಕ ನೌಕರಿ ಹೋಗತಿತ್ರಿ."

"ಈ ಕಾಲಕ್ಕ ಹಾಕಿದ್ರ ಹೋಗತೈತಿ," ಎಂದರು ಅವರು. ಹೇಳಿದ ಮೇಲೆ ಅವರಿಗೇ ಅದು ಕಿವಿಗೆ ಕಟುವಾಗಿ ಕೇಳಿಸಿರಬೇಕು, ದನಿ ತಗ್ಗಿಸಿದರು. "ನನಗೂ ಕೆಟ್ಟ ಅನಿಸೇತಿ ಅಕ್ಕೋರ. ಇಪ್ಪತ್ತಕ್ಕ ಇಪ್ಪತ್ತು ತಗೊಂಡಾವ್ರು ಅವರೊಬ್ರಽ. ಹನ್ನೊಂದು, ಹನ್ನೆರಡು ತಗೊಂಡಾವ್ರನ್ನ ಆರಿಸೇವಿ. ಆದ್ರ ಒಬ್ಬರಿಗೆ ಬಿಟ್ರ ಮೂವರಿಗೂ ಬಿಡಬೇಕು. ಯಾದಿ ಮ್ಯಾಲೆ ಹೋಗಿಬಿಟ್ಟೈತಿ. ಅಪೀಲಿಲ್ಲ."

ಅವಳು ಎದ್ದಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ಇಪ್ಪತ್ತರ ಮ್ಯಾಲೆ ಕೆಂಪು ಗೀಟು ಯಾರು ಹೊಡದಾರ್ರಿ?"

"ಯಾಕ್ರಿ?"

"ಅದರ ಪಕ್ಕಕ್ಕ ಸಹಿ ಇಲ್ಲ."

ಸಾಹೇಬರು ಕಾಗದ ನೋಡಿದರು. ಅವಳನ್ನು ನೋಡಿದರು. ಕಾಗದವನ್ನು ಕಟ್ಟಿಗೆ ಸೇರಿಸಿ ದಾರ ಬಿಗಿದರು.

ಮೋಟಾರಿನಲ್ಲಿ ಕೂತವಳು ಕುಕನೂರಿನ ತನಕ ಒಂದೇ ವಿಚಾರ ಮಾಡಿದಳು: ಹೇಳಿಬಿಡಬೇಕು. ನಿಮ್ಮ ಇಂಗ್ಲೀಷಿನಲ್ಲಿ ಒಂದು ತಪ್ಪೂ ಇರಲಿಲ್ಲ ಎನ್ನಬೇಕು. ಯಲಬುರ್ಗಿ ಬರುವ ಹೊತ್ತಿಗೆ ಆ ಮಾತಿನ ಮುಂದಿನ ಮಾತು ಎದುರಿಗೆ ಬಂದು ನಿಂತಿತು. ಹಾಗಾದರೆ ಯಾಕೆ ಎಂದು ಅವರು ಕೇಳುತ್ತಾರೆ. ನಿಮ್ಮ ಸಹಿಯಿಂದ ಎನ್ನಬೇಕು. ಮೂರು ತಿಂಗಳು ದಿನಾ ಕಣ್ಣಾರೆ ನೋಡಿದಿರಲ್ಲ ಅಕ್ಕೋರ, ನೀವೂ ಪರೀಕ್ಷೆ ಕೊಟ್ಟವರಲ್ಲ ಎಂದು ಅವರು ಕೇಳಲಿಕ್ಕಿಲ್ಲ. ಆ ಮನುಷ್ಯ ಹಾಗೆ ಕೇಳುವವರಲ್ಲ. ಕೇಳದೆ ಸುಮ್ಮನೆ ಅವಳನ್ನು ನೋಡುತ್ತಾರೆ, ಅಷ್ಟೆ. ಆ ನೋಟವನ್ನು ತಾನು ತಡೆದುಕೊಳ್ಳಬಲ್ಲೆನೆ ಎಂದು ಅವಳಿಗೆ ಗೊತ್ತಾಗಲಿಲ್ಲ.

ಕುಷ್ಟಗಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಹಜರತಬೀ ಓಣಿಯ ತಿರುವಿನಲ್ಲೇ ಕಾದು ನಿಂತಿದ್ದಳು.

"ಏನಂದ್ರು ಅಕ್ಕೋರ? ಇರ್ಲಿ, ಒಳಗ ಬಂದು ಹೇಳ್ರಿ. ಒಂದಽ ಮಾತು." ಅವಳು ಸೆರಗು ಬಾಯಿಗೆ ಹಚ್ಚಿಕೊಂಡಳು. "ನಿನ್ನಿ ದೇವೇಂದ್ರಪ್ಪ ಬಂದು ಕಾಲಿಗೆ ಬಿದ್ದು ಹೋದ. ಇವರು ಅವಗ ಏನಂದ್ರು ಗೊತ್ತೈತೇನು? ‘ನಾ ಮೂವತ್ತು ವರ್ಷದಾಗ ಎಲ್ಲಿ ಸಹಿ ಹಾಕೇನಿ ಅಲ್ಲಿ ಯಾರೂ ಬಟ್ಟು ಇಟ್ಟು ತೋರಿಸಿಲ್ಲಪಾ. ಕುರ್ಚಿ ಹೋದ್ರ ಹೋಗ್ಲಿ, ಅದೊಂದು ನಂದು ಐತಿ’ ಅಂದ್ರು. ಅಷ್ಟು ಅಂದು ಒಂದು ರೊಟ್ಟಿ ಉಂಡಾರ."

ವಿರೂಪಾಕ್ಷಮ್ಮ ಒಳಗೆ ಹೋದಳು. ಖಾಜಾಸಾಬರು ಎದ್ದು ನಿಂತರು. ನೋಟುಬುಕ್ಕು ಚಾಪೆಯ ಮೇಲೆ ತೆರೆದೇ ಇತ್ತು, ಪಕ್ಕದಲ್ಲಿ ಮಸಿ ಕುಡಿಕೆ, ಟಾಕು.

"ಗೊತ್ತಾತೇನ್ರಿ ಅಕ್ಕೋರ?"

ಅವಳು ಕೂತಳು. ಪುಟದ ಮೇಲೆ ಕಣ್ಣಾಡಿಸಿದಳು. ದಾರಿಯಲ್ಲಿ ಸಿದ್ಧ ಮಾಡಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಒಂದಽ ಒಂದು ವಾಕ್ಯದಾಗ ಹೋತ್ರಿ. ಹದಿನಾಲ್ಕನೇದ್ದು."

"ಈಚ್ ಆಫ್ ದಿ ಕ್ಲರ್ಕ್ಸ್?"

"ಹೂನ್ರಿ. ಅಲ್ಲಿ ಹ್ಯಾವ್ ಆಗಬೇಕಾಗಿತ್ತಂತ."

ಖಾಜಾಸಾಬರು ಪುಟದಲ್ಲಿ ಆ ವಾಕ್ಯದ ಮೇಲೆ ಬೆರಳಿಟ್ಟರು. "ಈಚ್ ಅಂದ್ರ ಒಬ್ಬೊಬ್ಬ ಅಂತ ನೀವಽ..." ಎಂದವರು ಅರ್ಧಕ್ಕೇ ನಿಲ್ಲಿಸಿದರು.

"ನಾನಽ ತಪ್ಪು ಕಲಿಸಿದ್ದೆ," ಎಂದಳು ವಿರೂಪಾಕ್ಷಮ್ಮ. "ಅವತ್ತು ನೋಡಿ ಸರಿ ಅಂದಾಕೀನೂ ನಾನಽ. ನನಗಽ ಗೊತ್ತಿದ್ದಿಲ್ಲ."

"ಅಂದ್ರ ದೇವೇಂದ್ರಪ್ಪಂದು ಖರೇ ಆತು." ಅವರು ತಲೆದೂಗಿದರು. ಯಾದಿಯಲ್ಲಿ ಐದನೇ ನಂಬರು ಇತ್ತಲ್ಲ. ಅನುಮಾನಕ್ಕೆ ಜಾಗವೇ ಇರಲಿಲ್ಲ. ನಿಧಾನವಾಗಿ ಅವರ ಮುಖದ ಬಿಗುವು ಇಳಿಯಿತು. ಬಹಳ ದಿನದ ಕಾಗದವೊಂದು ಕಡೆಗೂ ಕೈಗೆ ಸಿಕ್ಕವರ ಹಾಗೆ ಉಸಿರು ಬಿಟ್ಟರು. "ಇರ್ಲಿ ಬಿಡ್ರಿ ಅಕ್ಕೋರ. ಪರರ ಭಾಷಾ. ನಮಗೂ ನಿಮಗೂ ಎಷ್ಟು ಗೊತ್ತಾದೀತು? ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನಾನು ಯಾವನ್ನ ನಿರಪರಾಧಿ ಅಂತ ಬಿಟ್ಟಿದ್ದೆ ನೋಡ್ರಿ, ಅವನಽ ಅಪರಾಧಿ ಆಗಿದ್ದ."

ಅವರು ಟಾಕು ಅದ್ದಿದರು. ಉಸಿರು ಬಿಗಿಹಿಡಿದರು. ಹದಿನಾಲ್ಕನೇ ವಾಕ್ಯದ ‘ಹ್ಯಾಸ್’ ಮೇಲೆ ಕೂದಲೆಳೆಯಂಥ ಗೀಟು ಹೊಡೆದು, ಮೇಲೆ ದುಂಡಗೆ ‘ಹ್ಯಾವ್’ ಎಂದು ಬರೆದರು. ಪಕ್ಕಕ್ಕೆ ಖೇ ಹಾಕಲು ಟಾಕು ಇಳಿಸಿದವರು ಹಾಗೇ ಎತ್ತಿದರು. ನೋಟುಬುಕ್ಕನ್ನು ಮೆಲ್ಲಗೆ ಅವಳ ಕಡೆಗೆ ತಿರುಗಿಸಿದರು.

"ಇದು ನೀವು ತಿದ್ದಿದ್ದು. ನಾನು ಬರೀ ಕೈ. ಸಹಿ ನೀವಽ ಹಾಕ್ರಿ."

ಹಜರತಬೀ ಬಾಗಿಲಲ್ಲಿ ನಿಂತಿದ್ದಳು. ಟಾಕಿನ ತುದಿಯಲ್ಲಿ ಮಸಿ ದುಂಡಗಾಗಿ ಕೂತಿತ್ತು. ಇನ್ನೊಂದು ಗಳಿಗೆ ತಡೆದರೆ ಅದು ಪುಟದ ಮೇಲೆ ಬಿದ್ದು, ಇಪ್ಪತ್ತೂ ವಾಕ್ಯಗಳನ್ನು ಕೆಡಿಸುತ್ತಿತ್ತು. ವಿರೂಪಾಕ್ಷಮ್ಮ ಟಾಕು ಇಸಿದುಕೊಂಡು, ಆ ಗೀಟಿನ ಪಕ್ಕದಲ್ಲಿ ‘ವಿ’ ಎಂದು ಬರೆದಳು.

ಖಾಜಾಸಾಬರು ಅದರ ಮೇಲೆ ಚಿಟಿಕೆ ಮರಳು ಉದುರಿಸಿ, ಆರಿತೇ ಎಂದು ನೋಡಿ, ಬುಕ್ಕು ಮುಚ್ಚಿದರು.